ಮೊಬೈಲು ಭಾಗವತನಾಗಲಿ

ಸಾಗರದಿಂದ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು.

ನೀನು ಬಂದು ಹೋಗಿ ಮೂರು ವಾರವಾಯಿತು. ಅಡಿಕೆ ಸುಲಿತ ಇನ್ನೂ ಮುಗಿದಿಲ್ಲ, ಮನೆಯೆಲ್ಲ ಚೊಗರಿನ ವಾಸನೆ. ಹೇಳಬೇಕಾದದ್ದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಹಿತ್ತಿಲ ಬಾವಿಕಟ್ಟೆಯ ಹತ್ತಿರ ಮಾತ್ರ ಎಂದು ನಿನಗೆ ಗೊತ್ತೇ ಇದೆ. ಬಾವಿಕಟ್ಟೆಯ ಪಕ್ಕ ನಿಂತುಕೊಂಡು ಹೇಳಿ ಮುಗಿಸುವ ವಿಷಯ ಇದಲ್ಲ. ನಾಲ್ಕು ದಿನ ಯೋಚಿಸಿ ಬರೆಯುತ್ತಿದ್ದೇನೆ, ನಿಧಾನವಾಗಿ ಓದು.

ಮೊದಲು, ಹಾಸ್ಯ ಹೇಳಿ ಜನರನ್ನು ನಗಿಸುವ ಮೊಬೈಲು ಮಾಡುವ ನಿನ್ನ ಪ್ರಾಜೆಕ್ಟಿನ ಬಗ್ಗೆ ನಿನ್ನ ಗೈಡ್ ಹೇಳಿದ ಮಾತು. ಮೊಬೈಲಿಗೂ ಹಾಸ್ಯಕ್ಕೂ ಎತ್ತಣಿಂದೆತ್ತ ಸಂಬಂಧ, ಕೊನೆಯ ವರ್ಷದ ಪ್ರಾಜೆಕ್ಟಿಗೆ ಇನ್ನೂ ತೂಕದ ವಿಷಯ ಹುಡುಕು ಎಂದರಂತೆ. ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಹೇಳುವಾಗ ನಿನ್ನ ಮುಖ ಸಣ್ಣದಾಗಿತ್ತು. ವಿಷಯ ಬಿಡಬೇಡ. ನಾಟ್ಯಶಾಸ್ತ್ರ ಹೇಳಿದ ಎಂಟು ರಸಗಳಲ್ಲಿ ಹಾಸ್ಯವೂ ಒಂದು. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ನಗುವನ್ನೇ ಆರಾಗಿ ಬಿಡಿಸಿ ನೋಡಿದವರು ನಮ್ಮ ಹಿಂದಿನವರು. ತುಟಿ ಅರಳುವುದರಿಂದ ಹಿಡಿದು ಕಣ್ಣಲ್ಲಿ ನೀರು ಬರುವ ತನಕ ಅವರು ಲೆಕ್ಕ ಇಟ್ಟಿದ್ದಾರೆ. ಇನ್ನು ಮೊಬೈಲಿನ ಕಡೆಯಿಂದ ನೋಡಿದರೆ, 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮಾರ್ಟಿನ್ ಕೂಪರ್ ಕೈಯಲ್ಲಿ ಹಿಡಿದ ಫೋನಿನಿಂದ ಮೊತ್ತಮೊದಲ ಕರೆ ಮಾಡಿದ್ದು ಯಾರಿಗೆ ಗೊತ್ತೇ? ಇದೇ ಕೆಲಸದಲ್ಲಿ ತನಗೆ ಎದುರಾಳಿಯಾಗಿದ್ದ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಜೋಯೆಲ್ ಎಂಗೆಲ್‌ಗೆ. ಒಂದು ಕಿಲೋಗಿಂತ ಭಾರದ ಆ ಫೋನನ್ನು ಎತ್ತಿ ಹಿಡಿದು, ನಾನು ಮೊಬೈಲಿನಿಂದ ಮಾತಾಡುತ್ತಿದ್ದೇನೆ ಎಂದು ತಿಳಿಸಿದ. ಮೊಬೈಲು ಹುಟ್ಟಿದ್ದೇ ಒಬ್ಬರನ್ನೊಬ್ಬರು ಕೆಣಕುವ ಸಲಿಗೆಯಲ್ಲಿ. ಸಂಬಂಧ ಎಲ್ಲಿದೆ ಎಂದು ಕೇಳಿದವರಿಗೆ ಇದನ್ನು ಹೇಳು.

ಇನ್ನು ನಿನ್ನ ಕೆಲಸ. ಇಲ್ಲಿ ನನಗೆ ನಿನ್ನ ಜೊತೆ ಸ್ವಲ್ಪ ಜಗಳವಿದೆ, ಬೇಸರ ಮಾಡಿಕೊಳ್ಳಬೇಡ.

ಅವತ್ತು ರಾತ್ರಿ ಚಪ್ಪರದಲ್ಲಿ ನಡೆದದ್ದನ್ನು ನೆನಪು ಮಾಡಿಕೋ. ಒಂಬತ್ತು ಜನ ಅಡಿಕೆ ಸುಲಿಯುವ ಕತ್ತಿಯ ಮುಂದೆ ಸಾಲಾಗಿ ಕುಳಿತಿದ್ದರು. ನೀನು ಫೋನನ್ನು ಡಬ್ಬದ ಮೇಲೆ ಇಟ್ಟು ಒಮ್ಮೆ ಅಲ್ಲಾಡಿಸಿದೆ. ಅದು ಒಂದು ಹಾಸ್ಯ ಹೇಳಿತು, ಹೇಳಿ ಮುಗಿಸಿ ತಾನೇ ಗಹಗಹಿಸಿ ನಕ್ಕಿತು. ಒಬ್ಬರೂ ನಗಲಿಲ್ಲ. ಸಿಪ್ಪೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಆಗ ಕೆಳಗಿನಮನೆ ಅಜ್ಜಿ ಕೈಯಲ್ಲಿದ್ದ ಅಡಿಕೆಯನ್ನು ಕತ್ತಿಯ ಮೊನೆಯ ಹತ್ತಿರ ಹಾಗೇ ನಿಲ್ಲಿಸಿ, ಫೋನಿನ ಕಡೆ ಕತ್ತು ತಿರುಗಿಸಿ, ಬಹಳ ಕಳಕಳಿಯಿಂದ, "ಪಾಪ, ಇದಕ್ಕೆ ಯಾರು ಕಚಗುಳಿ ಇಟ್ಟರು?" ಎಂದು ಕೇಳಿದರು. ಅಷ್ಟೇ. ಅದೆಷ್ಟು ಹೊತ್ತು ನಕ್ಕೆವು! ಒಬ್ಬರು ಸುಮ್ಮನಾದರೆ ಇನ್ನೊಬ್ಬರು ಶುರು ಮಾಡುತ್ತಿದ್ದರು. ಕತ್ತಿ ತಾಗೀತು ಎಂದು ಎಲ್ಲರೂ ಕೈ ಹಿಂದಕ್ಕೆ ತೆಗೆದುಕೊಂಡಿದ್ದರು. ನೀನೂ ನಕ್ಕೆ. ಆದರೆ ಆಮೇಲೆ ನಿನ್ನ ಪುಸ್ತಕದಲ್ಲಿ "ಹಾಸ್ಯ ಹಿಡಿಸಲಿಲ್ಲ, ಬೇರೆ ಹಾಸ್ಯ ಹಾಕಬೇಕು" ಎಂದು ಬರೆದುಕೊಂಡೆ. ನಾನು ಪಕ್ಕದಲ್ಲೇ ಇದ್ದೆ, ಕಣ್ಣಿಗೆ ಬಿತ್ತು.

ಅಲ್ಲಿ ನೀನು ಬರೆದುಕೊಳ್ಳಬೇಕಾಗಿದ್ದದ್ದು ಅಜ್ಜಿಯ ಮಾತನ್ನು, ಮಗಳೇ. ಇನ್ನೂರು ಹಾಸ್ಯ ತುಂಬಿಸಿದರೂ ಆ ಯಂತ್ರಕ್ಕೆ ಸಿಗದೆ ಹೋದದ್ದು ಆ ಒಂದು ಪ್ರಶ್ನೆಗೆ ಸಿಕ್ಕಿತು. ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ವಿಜ್ಞಾನಿ ವರ್ಷಗಟ್ಟಲೆ ಜನರ ನಗುವನ್ನೇ ಅಧ್ಯಯನ ಮಾಡಿದವರು. ಮನುಷ್ಯರು ಒಬ್ಬರೇ ಇದ್ದಾಗಿನದಕ್ಕಿಂತ ಜೊತೆಯಲ್ಲಿದ್ದಾಗ ಮೂವತ್ತು ಪಟ್ಟು ಹೆಚ್ಚು ನಗುತ್ತಾರೆ, ನಗುವಿಗೆ ಮುಂಚೆ ಆಡಿದ ಮಾತುಗಳಲ್ಲಿ ಹಾಸ್ಯ ಎನ್ನಬಹುದಾದದ್ದು ಶೇಕಡ 20ನ್ನೂ ಮೀರುವುದಿಲ್ಲ ಎಂದು ಅವರು ಕಂಡುಕೊಂಡರು. ಉಳಿದದ್ದೆಲ್ಲ "ಓಹೋ, ಬಂದಿರಾ" ಎನ್ನುವಂಥ ಮಾತುಗಳೇ. ನಮ್ಮ ಚಪ್ಪರದಲ್ಲಿ ಒಂದು ರಾತ್ರಿ ಕುಳಿತವರಿಗೆ ಇದು ಹೊಸದಲ್ಲ.

ಯಕ್ಷಗಾನ ನೋಡುತ್ತಲೇ ಬೆಳೆದವಳು ನೀನು. ಹಾಸ್ಯಗಾರ ದೂತನೋ ಮುದುಕಿಯೋ ಆಗಿ ರಂಗಕ್ಕೆ ಬಂದಾಗ ಅವನಿಗೆ ಮಾತಿಗೆ ಸಿಗುವವರು ಯಾರು? ಹಾಡುತ್ತ ಆಟ ನಡೆಸುವ ಭಾಗವತರು. ಏನೂ ತಿಳಿಯದವರ ಹಾಗೆ "ಹೌದೇ? ಆಮೇಲೆ?" ಎನ್ನುತ್ತಾರೆ. ಜಾಗಟೆಯನ್ನೋ ತಾಳವನ್ನೋ ಕೈಯಲ್ಲಿ ಹಿಡಿದು ಸುಮ್ಮನೆ ಕಾಯುತ್ತಾರೆ. ಆ ಕಾಯುವಿಕೆಯಲ್ಲೇ ಸಭೆಗೆ ನಗು ಹತ್ತುವುದು. ನಗು ಇಳಿಯುವ ಮೊದಲೇ ಅವರು ಬಾಯಿ ಹಾಕಿದರೆ ಹಾಸ್ಯಗಾರ ಎಷ್ಟು ದೊಡ್ಡವನಾದರೂ ಸೋತ. ನಿನ್ನ ಮೊಬೈಲು ಹಾಸ್ಯಗಾರನಾಗಲು ಹೊರಟಿದೆ, ಅದೇ ತಪ್ಪು. ಅದು ಭಾಗವತನಾಗಲಿ. ಕೇಳಲಿ, ಕಾಯಲಿ, ನಗುವವರ ನಡುವೆ ದಾರಿ ತೆರೆದು ಪಕ್ಕಕ್ಕೆ ಕುಳಿತುಕೊಳ್ಳಲಿ. ನಾನು ಹೇಳಬೇಕೆಂದಿರುವುದು ಇದೊಂದೇ, ಮುಂದೆ ಬರೆಯುವುದೆಲ್ಲ ಇದನ್ನು ಮಾಡುವ ಬಗೆ.

ಇದನ್ನು ನಾನು ಕಲಿತದ್ದು ಆಟದ ಮುಂದೆ ಕುಳಿತು ಅಲ್ಲ, ದೂರದೂರಿನ ಫೋನ್ ಕರೆ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಕುಳಿತು. 1978ರಲ್ಲಿ ಶಿವಮೊಗ್ಗದಲ್ಲಿ ಆಪರೇಟರ್ ಕೆಲಸಕ್ಕೆ ಸೇರಿದಾಗ ನನಗೆ ನಿನ್ನದೇ ವಯಸ್ಸು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರದ ಕರೆಗಳು. ಬುಕ್ ಮಾಡಿ ಗಂಟೆಗಟ್ಟಲೆ ಕಾದವರಿಗೆ ಸಿಗುತ್ತಿದ್ದದ್ದು ಮೂರು ನಿಮಿಷ. ಒಂದು ಮಳೆಗಾಲದ ರಾತ್ರಿ ತೀರ್ಥಹಳ್ಳಿ ಕಡೆಯ ಒಬ್ಬ ತಾಯಿಗೆ ಬೊಂಬಾಯಿಯಲ್ಲಿದ್ದ ಮಗನ ಲೈನ್ ಜೋಡಿಸಿದೆ. ಲೈನ್ ತುಂಬಾ ಗೊರಗೊರ. ತಾಯಿ ಏನೋ ಹೇಳಿದರು, ಮಗ ನಕ್ಕ. ನನ್ನ ಕಿವಿಗೆ ಆ ನಗು ಬಂತು, ತಾಯಿಯ ತನಕ ಮುಟ್ಟಲಿಲ್ಲ. ಅವರಿಗೆ ಕೇಳಿದ್ದು ಬರೀ ಮೌನ. "ಸಿಟ್ಟು ಬಂತೇನೋ? ಯಾಕೆ ಮಾತಾಡುತ್ತಿಲ್ಲ?" ಎಂದು ಅವರ ದನಿ ನಡುಗಿತು. ನಾನು ನಡುವೆ ಬಾಯಿ ಹಾಕಿ, "ಅಮ್ಮಾ, ಅವರು ನಗುತ್ತಿದ್ದಾರೆ" ಎಂದೆ. ಒಂದು ಗಳಿಗೆ ಬಿಟ್ಟು ಆಕೆ ನಕ್ಕ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವರು ಯಾರು, ಮಗನಿಗೆ ಏನು ಹೇಳಿದರು ಎನ್ನುವುದನ್ನು ನಿನಗೂ ಹೇಳುವುದಿಲ್ಲ, ಅದು ಅವರದ್ದು.

ಆ ನಗು ಯಾಕೆ ಮುಟ್ಟಲಿಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ, ಗೊರಗೊರವೇ ಕಾರಣ ಎಂದುಕೊಂಡಿದ್ದೆ. ಇಲಾಖೆಯ ತರಬೇತಿಗೆ ಹೋದಾಗ ಇನ್ನೊಂದು ಕಾರಣವೂ ತಿಳಿಯಿತು. ಟೆಲಿಫೋನು ಸೆಕೆಂಡಿಗೆ 300ರಿಂದ 3400 ಕಂಪನಗಳ ನಡುವಿನ ದನಿಯನ್ನು ಮಾತ್ರ ಹೊರುತ್ತಿತ್ತು. ಮಾತು ಅರ್ಥವಾಗಲು ಅಷ್ಟು ಸಾಕು. ನಗುವಿನಲ್ಲಿ ಉಸಿರು ಹೆಚ್ಚು, ಉಸಿರಿನ ಸಣ್ಣ ಸದ್ದು ಆ ಗಡಿಯ ಆಚೆಗೂ ಹರಡಿರುತ್ತದೆ. ಈಗಿನ 4ಜಿ ಕರೆಗಳಲ್ಲಿ 7000ದವರೆಗೂ ಹೋಗುತ್ತದೆ ನಿಜ, ಆದರೆ ಹೊಸ ತೊಡಕುಗಳು ಬಂದಿವೆ. ಗದ್ದಲ ತೆಗೆಯಲೆಂದು ಫೋನಿನೊಳಗೆ ಇಟ್ಟ ವ್ಯವಸ್ಥೆ ಮಾತನ್ನು ಉಳಿಸಲು ಕಲಿತದ್ದು, ನಗುವನ್ನೂ ಗದ್ದಲವೆಂದು ಒರೆಸಿಬಿಡಬಹುದು. ಸ್ಪೀಕರ್ ಹಾಕಿ ಎರಡೂ ಕಡೆಯವರು ಒಟ್ಟಿಗೆ ನಕ್ಕರೆ, ಪ್ರತಿಧ್ವನಿ ತಡೆಯುವ ಭರದಲ್ಲಿ ಅದು ಒಂದು ಕಡೆಯ ದನಿಯನ್ನು ಅಡಗಿಸಬಹುದು. ಒಟ್ಟಿಗೆ ನಗುವುದೇ ನಗುವಿನ ಜೀವ, ಫೋನು ಕತ್ತರಿಸುವುದು ಅದನ್ನೇ.

ಅದಕ್ಕಿಂತ ದೊಡ್ಡದು ತಡ. ಹತ್ತು ಭಾಷೆಗಳ ಮಾತುಕತೆಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು, ಅಂದರೆ ಸೆಕೆಂಡಿನ ಐದನೆಯ ಒಂದು ಪಾಲು. ಒಳ್ಳೆಯ ಕರೆಯಲ್ಲಿ ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಹೋಗಲು 150, ಉತ್ತರ ಬರಲು 150. ಒಳ್ಳೆಯ ಕರೆಯಲ್ಲೇ 300 ಆಗಬಹುದು. ಇನ್ನು ಶರಾವತಿ ಹಿನ್ನೀರಿನ ಊರುಗಳಲ್ಲಿ, ಗುಡ್ಡ ಹತ್ತಿ ಒಂದು ಕಡ್ಡಿ ಸಿಗ್ನಲ್ ಹಿಡಿದವರಿಗೆ ಎಷ್ಟಾದೀತು ನೋಡು. ಹಾಸ್ಯ ಹೇಳಿದವನಿಗೆ ಆ ಮೌನ ಎಷ್ಟು ಉದ್ದ! ನಿನ್ನ ಕಾಲೇಜಿನ ವೈಫೈಯಲ್ಲಿ ಪರೀಕ್ಷೆ ಮಾಡಿ ತೃಪ್ತಿಪಡಬೇಡ. ಆಷಾಢದ ಮಳೆಯಲ್ಲಿ, ಕರೆಂಟ್ ಹೋದ ಸಂಜೆ, ಹಿನ್ನೀರಿನಾಚೆಯ ತುಮರಿ ಕಡೆಯಲ್ಲಿ ಪರೀಕ್ಷೆ ಮಾಡು.

ನನಗೆ ಹೊಳೆದ ಒಂದು ದಾರಿ ಹೇಳುತ್ತೇನೆ. ನಾನು ಅವತ್ತು ಬೋರ್ಡಿನಲ್ಲಿ ಮಾಡಿದ ಕೆಲಸವನ್ನು ನಿನ್ನ ಫೋನು ಮಾಡಲಿ. ನಗುವಿನ ದನಿ ದಾಟದಿದ್ದರೂ "ನಗುತ್ತಿದ್ದಾರೆ" ಎಂಬ ಸುದ್ದಿ ದಾಟಲಿ. ಅದಕ್ಕೆ ಬೇಕಾದ ಮಾಹಿತಿ ಬಹಳ ಸಣ್ಣದು, ಸೊರಗಿದ ಸಿಗ್ನಲ್‌ನಲ್ಲೂ ನುಸುಳೀತು. ಈ ಕಡೆ ನಕ್ಕರೆ ಆ ಕಡೆಯ ಫೋನು ಅಂಗೈಯಲ್ಲಿ ಕುಲುಕಲಿ. ಹಹಹಾ ಎನ್ನುವಾಗ ಒಂದೊಂದು "ಹ" ಸುಮಾರು 75 ಮಿಲಿಸೆಕೆಂಡು ಇರುತ್ತದೆ, 210 ಮಿಲಿಸೆಕೆಂಡಿಗೊಮ್ಮೆ ಮರಳುತ್ತದೆ ಎಂದು ಅದೇ ಪ್ರೊವೈನ್ ಅಳೆದಿಟ್ಟಿದ್ದಾರೆ. ಸೆಕೆಂಡಿಗೆ ಹತ್ತಿರ ಹತ್ತಿರ ಐದು ಸಲ. ಸಂದೇಶ ಬಂದಾಗ ಫೋನು ಗುಂಯ್‌ಗುಡುವ ಹಾಗೆ ಅಲ್ಲದೆ, ಆ ನಡೆಯಲ್ಲಿ ಕುಲುಕಿದರೆ ಪಕ್ಕದಲ್ಲಿ ಕುಳಿತು ನಗುವವರ ಹೆಗಲು ತಾಗಿದ ಹಾಗೆ ಇದ್ದೀತು. ಕಿವಿ ಮಂದವಾದವರಿಗೂ ಇದು ತಲುಪುತ್ತದೆ, ಅದನ್ನು ಯೋಚಿಸು.

ಇಂಟರ್‌ನೆಟ್ ಇಲ್ಲದವರಿಗೆ ಎಸ್‌ಎಂಎಸ್ ಮೂಲಕ ಹಾಸ್ಯ ಕಳಿಸುತ್ತೇನೆ ಎಂದು ನೀನು ಹೇಳಿದ್ದೆ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. "ಸ್ತ್ರೀ" ಎಂಬ ಒಂದೇ ಅಕ್ಷರ ಆರನ್ನು ತಿನ್ನುತ್ತದೆ. ಎಪ್ಪತ್ತರಲ್ಲಿ ಕಥೆ ಹೇಳಲು ಆಗದು, ಒಂದು ಪ್ರಶ್ನೆ ಕೇಳಬಹುದು. ಒಗಟು ನಮ್ಮಲ್ಲಿ ಬೇಕಾದಷ್ಟಿವೆ. ಪ್ರಶ್ನೆ ಕಳಿಸಿ, ಉತ್ತರವನ್ನು ಜನರೇ ಹೇಳಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ನಗುವನ್ನು ಗುರುತಿಸಲು ಫೋನು ಕಿವಿ ತೆರೆದಿಡಬೇಕಾಗುತ್ತದೆ. ಅದು ಕೇಳಿದ್ದು ಅದರೊಳಗೇ ಅಳಿಯಬೇಕು, ಎಲ್ಲಿಗೂ ಹೋಗಬಾರದು, ನಿನ್ನ ಪ್ರಾಜೆಕ್ಟ್ ವರದಿಗೂ ಹೋಗಬಾರದು. ನಾವು ದಿನಕ್ಕೆ ನೂರಾರು ಜನರ ಮನೆಯ ಮಾತಿನ ನಡುವೆ ಕುಳಿತವರು. ಕೇಳಿದ್ದನ್ನು ಹೊರಗೆ ಹೇಳುವುದು 1885ರ ಟೆಲಿಗ್ರಾಫ್ ಕಾಯ್ದೆಯಡಿ ಅಪರಾಧವಾಗಿತ್ತು. ಕಾಯ್ದೆಗಿಂತ ಹೆಚ್ಚಾಗಿ, ಜನ ನಮ್ಮನ್ನು ನಂಬಿದ್ದರು. ಅವತ್ತು ಚಪ್ಪರದಲ್ಲಿ ನೀನು ರೆಕಾರ್ಡ್ ಮಾಡಿಕೊಂಡೆ, ಕೇಳದೆ. ಮುಂದಿನ ಸಲ ಬಂದಾಗ ಆ ಒಂಬತ್ತು ಜನರಿಗೂ ಹೇಳು, ಬೇಡ ಎಂದವರದ್ದನ್ನು ಅವರ ಎದುರಿಗೇ ಅಳಿಸು.

ಹಾಗೆಯೇ ನೀನು ಆರಿಸಿಕೊಂಡ ಹಾಸ್ಯಗಳಲ್ಲಿ ಮೂರು ಇನ್ನೊಬ್ಬರ ಮಾತಿನ ಧಾಟಿಯನ್ನು ಅಣಕಿಸುವಂಥವು. ತೆಗೆದುಬಿಡು. ಆ ಧಾಟಿಯಲ್ಲಿ ಮಾತಾಡುವ ಇಬ್ಬರು ಅವತ್ತು ನಮ್ಮ ಜೊತೆ ಕುಳಿತು ಅಡಿಕೆ ಸುಲಿಯುತ್ತಿದ್ದರು. ತಲೆ ತಗ್ಗಿಸಿದ್ದನ್ನು ನೀನು ನೋಡಲಿಲ್ಲ, ನಾನು ನೋಡಿದೆ.

ಸುಲಿತ ಇನ್ನೂ ಹತ್ತು ದಿನ ಇದೆ. ಕಾಲೇಜಿಗೆ ರಜೆ ಕೇಳಿ ಒಂದು ಭಾನುವಾರ ಬಾ, ಬರುವಾಗ ಎರಡು ಫೋನು ತಾ. ಕೆಳಗಿನಮನೆ ಅಜ್ಜಿಯ ಮಗಳು ಪುಣೆಯಲ್ಲಿದ್ದಾಳೆ, ಎರಡು ವರ್ಷದಿಂದ ಊರಿಗೆ ಬಂದಿಲ್ಲ. ಒಂದು ಫೋನನ್ನು ಅವಳಿಗೆ ಕಳಿಸಿಕೊಡೋಣ, ಇನ್ನೊಂದನ್ನು ಅಜ್ಜಿಯ ಕೈಗೆ ಕೊಟ್ಟು ಬಾವಿಕಟ್ಟೆಯ ಹತ್ತಿರ ಕುರ್ಚಿ ಹಾಕೋಣ. ಅಜ್ಜಿಗೆ ಹೇಳಿದ್ದೇನೆ, ಒಪ್ಪಿದ್ದಾರೆ. ಲೈನ್ ಜೋಡಿಸುವ ಕೆಲಸ ನನಗಿರಲಿ.

ಇಂತಿ ನಿನ್ನ
ದೊಡ್ಡಮ್ಮ