ಮೇಳಘಾಟದ ಹಳೆಯ ಹಳಿಯ ಕುರಿತು ಗೆಳೆಯನಿಗೊಂದು ಪತ್ರ

ಕೋಥ್ರೂಡ್, ಪುಣೆ

ಪ್ರೀತಿಯ ಗೆಳೆಯ ಬಸವರಾಜನಿಗೆ,

ನಿನ್ನ ಪತ್ರ ತಲುಪಿತು. ಮೊಮ್ಮಗಳ ನಾಮಕರಣ ಸಾಂಗವಾಗಿ ನೆರವೇರಿದ ಸುದ್ದಿ ಓದಿ ಮನೆಯವರಿಗೆಲ್ಲ ಸಂತೋಷವಾಯಿತು. ಪತ್ರದ ಕೊನೆಯಲ್ಲಿ ನೀನು ಬರೆದಿದ್ದ ಒಂದು ಮಾತು ಮಾತ್ರ ಅಂದಿನಿಂದ ನನ್ನ ಮನಸ್ಸಿನಲ್ಲಿಯೇ ಕುಳಿತಿದೆ. ‘ಮೇಳಘಾಟದ ಕಾಡಿನೊಳಗೆ ರೈಲು ನಿಂತಿತು, ಹೊಸ ಮಾರ್ಗ ಕಾಡಿನ ಹೊರಗಿನಿಂದ ಹೋಗುತ್ತದೆ, ಅಲ್ಲಿಗೆ ಕಾಡು ಗೆದ್ದ ಹಾಗಾಯಿತಲ್ಲ, ಇನ್ನು ಯಾತರ ಚಿಂತೆ?’ ಎಂದು ಕೇಳಿದ್ದೆ. ನಾನೂ ಹಾಗೆಯೇ ತಿಳಿದಿದ್ದೆ. ಕಳೆದ ತಿಂಗಳು ಮಹಾರಾಷ್ಟ್ರದ ಅಕೋಲಾದಲ್ಲಿರುವ ಮಗಳ ಮನೆಗೆ ಹೋದವನು ಅಳಿಯನೊಂದಿಗೆ ಅಕೋಟದಾಚೆ ಕಾಡಿನ ಅಂಚಿನವರೆಗೆ ಹೋಗಿ ಬಂದೆ. ಬಂದ ಮೇಲೆ ಆ ನೆಮ್ಮದಿ ಉಳಿದಿಲ್ಲ.

ಈ ಪತ್ರವನ್ನು ಇಲ್ಲಿನ ನಮ್ಮ ಕನ್ನಡದ ಸ್ನೇಹಿತರೂ ಓದಲೆಂದು ಹಂಚಿಕೊಳ್ಳುತ್ತಿರುವುದರಿಂದ, ರೈಲ್ವೆಯಲ್ಲಿ ದುಡಿದ ನಿನಗೆ ಚೆನ್ನಾಗಿ ಗೊತ್ತಿರುವುದನ್ನೂ ಸ್ವಲ್ಪ ಹೇಳಬೇಕಾಗಿದೆ. ಅಕೋಲಾದಿಂದ ಮಧ್ಯಪ್ರದೇಶದ ಖಂಡ್ವಾವರೆಗಿನ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ) ಮಾರ್ಗ ಉತ್ತರದ ಮತ್ತು ದಕ್ಷಿಣದ ಮೀಟರ್ ಗೇಜ್ ಜಾಲಗಳನ್ನು ಜೋಡಿಸಿದ ಕೊಂಡಿಯಾಗಿತ್ತು. ಕಾಚಿಗುಡದಿಂದ ಜೈಪುರದ ಕಡೆ ಹೋಗುತ್ತಿದ್ದ ಮೀನಾಕ್ಷಿ ಎಕ್ಸ್‌ಪ್ರೆಸ್ ಇದೇ ದಾರಿಯಲ್ಲಿ ಸಾತ್ಪುಡಾ ಬೆಟ್ಟಗಳನ್ನು ದಾಟುತ್ತಿತ್ತು. ಧೂಳಘಾಟದ ಹತ್ತಿರ ಏರು ತಗ್ಗಿಸುವುದಕ್ಕಾಗಿ ಹಳಿಯನ್ನು ಸುತ್ತು ಹಾಕಿಸಿ, ತನ್ನ ಮೇಲೆ ತಾನೇ ಹಾದುಹೋಗುವಂತೆ ಕಟ್ಟಿದ್ದರು. ಅಕೋಟ ಮತ್ತು ಆಮ್ಲಾ ಖುರ್ದ್ ನಡುವೆ ಈ ಮಾರ್ಗದ ಸುಮಾರು 40 ಕಿಲೋಮೀಟರ್ ಇರುವುದು ಮೇಳಘಾಟ ಹುಲಿ ಸಂರಕ್ಷಿತ ಪ್ರದೇಶದೊಳಗೆ. 1973ರಲ್ಲಿ ಆರಂಭವಾದ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಅದೂ ಒಂದು. ಬ್ರಾಡ್‌ಗೇಜ್ ಪರಿವರ್ತನೆಗೆಂದು 2017ರಲ್ಲಿ ರೈಲು ನಿಂತಿತು. ಅದೇ ದಾರಿಯಲ್ಲಿ ದೊಡ್ಡ ಹಳಿ ಹಾಕಬಾರದೆಂದು ವನ್ಯಜೀವಿ ತಜ್ಞರು ಪಟ್ಟು ಹಿಡಿದರು, ನ್ಯಾಯಾಲಯದಲ್ಲಿ ದಾವೆ ನಡೆಯಿತು, 2020ರಲ್ಲಿ ಮಹಾರಾಷ್ಟ್ರದ ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಅವರು ರೈಲ್ವೆ ಸಚಿವರಿಗೆ ಪತ್ರ ಬರೆದರು, ಕೊನೆಗೆ ಬುಲ್ಢಾಣಾ ಜಿಲ್ಲೆಯ ಸೋನಾಳಾ, ಜಾಮೋದ್ ಕಡೆಯಿಂದ ಸುತ್ತಿಕೊಂಡು ಹೋಗುವ, ಸುಮಾರು 30 ಕಿಲೋಮೀಟರ್ ಹೆಚ್ಚು ಉದ್ದದ ದಾರಿಯನ್ನು ರೈಲ್ವೆ ಒಪ್ಪಿಕೊಂಡಿತು. ನಮ್ಮ ಕ್ಯಾಸಲ್‌ರಾಕ್‌–ಕುಳೆಂ ನಡುವಿನ, ಕರ್ನಾಟಕ-ಗೋವಾ ಗಡಿಯ ಕಾಡಿನ ಜೋಡಿ ಹಳಿಗೆ ಕೊಟ್ಟಿದ್ದ ಅನುಮತಿಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ ನಾವಿಬ್ಬರೂ ಪಟ್ಟ ಸಂತೋಷವನ್ನೇ ಇಲ್ಲಿಯೂ ಅನೇಕರು ಪಟ್ಟರು. ಕಟ್ಟುವುದನ್ನು ತಡೆಯುವಾಗ ಎಲ್ಲರ ಕಣ್ಣೂ ಕಾಡಿನ ಮೇಲೆ ಇರುತ್ತದೆ. ಕಟ್ಟಿದ್ದನ್ನು ಕಳಚುವ ಹೊತ್ತಿಗೆ ಅಲ್ಲಿ ಯಾರೂ ಇರುವುದಿಲ್ಲ. ನನ್ನ ಆತಂಕವೆಲ್ಲ ಅದರದ್ದೇ.

ನಾನು ಕಂಡದ್ದನ್ನು ಹೇಳುತ್ತೇನೆ. ಕಾಡಿನ ಅಂಚಿನಲ್ಲಿ ಹಳೆಯ ದಾರಿಯ ಕೆಳಗೊಂದು ಕಲ್ಲಿನ ಮೋರಿ ಇದೆ. ಅದರ ಬಾಯಿ ಅರ್ಧದಷ್ಟು ಹೂಳು, ಕೊಂಬೆ, ಒಣ ತೇಗದೆಲೆಗಳಿಂದ ಮುಚ್ಚಿಹೋಗಿದೆ. ಬಗ್ಗಿ ನೋಡಿದರೆ ಒಳಗೆ ಅಂಗೈಯಗಲದ ನೀರು, ಅದರ ಸುತ್ತಲಿನ ಕೆಸರಿನಲ್ಲಿ ಜಿಂಕೆಯ ಗೊರಸಿನ ಗುರುತು, ಒಂದು ಮುಳ್ಳುಹಂದಿಯ ಮುಳ್ಳು, ಮೇಲೆ ಕಲ್ಲಿನ ಸಂದುಗಳಲ್ಲಿ ಸಾಲಾಗಿ ತೂಗುತ್ತಿರುವ ಬಾವಲಿಗಳು. ಮೋರಿಯ ಮೇಲಿನ ಏರಿಯನ್ನು ಲಂಟಾನ ಆವರಿಸಿದೆ. ನಮ್ಮ ಜೊತೆ ಬಂದಿದ್ದ ಕೊರ್ಕು ಸಮುದಾಯದ ಹಿರಿಯರೊಬ್ಬರು, ಮೊದಲೆಲ್ಲ ಮಳೆಗಾಲಕ್ಕೆ ಮುಂಚೆ ರೈಲ್ವೆಯ ಗ್ಯಾಂಗಿನವರು ಬಂದು ಪ್ರತಿಯೊಂದು ಮೋರಿಯನ್ನೂ ಕೆದಕಿ ಹೋಗುತ್ತಿದ್ದರು, ಈಗ ಯಾರು ಬರುತ್ತಾರೆ ಎಂದು ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅರ್ಧ ಶತಮಾನಕ್ಕೂ ಮಿಕ್ಕಿ ಆ ಏರಿ ಬೆಟ್ಟದಿಂದ ಇಳಿಯುವ ಮಳೆನೀರನ್ನು ತಡೆದು, ಮೋರಿಗಳ ಮೂಲಕವೇ ಹಾಯಿಸುತ್ತ ಬಂದಿದೆ. ಕೆಳಗಿನ ಹಳ್ಳಗಳೂ ಅವುಗಳ ದಂಡೆಯ ಮರಗಳೂ ಅದಕ್ಕೆ ಹೊಂದಿಕೊಂಡಿವೆ. ಮೋರಿ ಕಟ್ಟಿಕೊಂಡರೆ ಏರಿಯೇ ಅಣೆಕಟ್ಟಾಗುತ್ತದೆ, ಒಂದು ಜೋರು ಮಳೆಗೆ ಒಡೆಯುತ್ತದೆ, ಆ ಮಣ್ಣೂ ಜಲ್ಲಿಯೂ ಹಳ್ಳ ಸೇರುತ್ತವೆ. ಕೈಬಿಟ್ಟ ರೈಲುದಾರಿಯನ್ನು ಹಾಗೆಯೇ ಬಿಟ್ಟರೆ ಕಾಡು ತಾನಾಗಿ ನುಂಗಿಕೊಳ್ಳುತ್ತದೆ ಎಂಬ ಮಾತನ್ನು ನಾನು ಇನ್ನು ಮುಂದೆ ಹೇಳಲಾರೆ.

ಎರಡನೆಯ ಸಂಗತಿ ವಿಷದ್ದು. ನಾನು ರಸಾಯನಶಾಸ್ತ್ರ ಕಲಿಸಿದವನು, ಆದರೆ ಇದನ್ನು ಅರಿತದ್ದು ತರಗತಿಗಿಂತ ಮೊದಲು ಹುಬ್ಬಳ್ಳಿಯ ರೈಲ್ವೆ ಕಾಲೊನಿಯ ಹಿತ್ತಲಿನಲ್ಲಿ. ನೆನಪಿದೆಯೇ, ನಮ್ಮ ಬಚ್ಚಲ ಮೆಟ್ಟಿಲು ಹಳಿಯ ಕೆಳಗೆ ಅಡ್ಡ ಹಾಸುವ ಹಳೆಯ ಮರದ ತೊಲೆಯದು, ಅಂದರೆ ಸ್ಲೀಪರಿನದಾಗಿತ್ತು, ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಅದರಿಂದ ಕಪ್ಪು ಅಂಟು ಜಿನುಗಿ ನಮ್ಮ ಅಂಗಾಲಿಗೆ ಮೆತ್ತಿಕೊಳ್ಳುತ್ತಿತ್ತು. ಅದೇ ಮರದ ಚಕ್ಕೆಗಳನ್ನು ಅಮ್ಮ ಬಚ್ಚಲ ಒಲೆಗೆ ಹಾಕಿದಾಗ ಹೊಗೆ ದಟ್ಟವಾಗಿ ಕಣ್ಣು ಉರಿಯುತ್ತಿತ್ತು. ಆ ಅಂಟೇ ಕ್ರಿಯೋಸೋಟ್, ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಎಣ್ಣೆ. ಗೆದ್ದಲು ಮತ್ತು ಶಿಲೀಂಧ್ರ ಮರವನ್ನು ತಿನ್ನಬಾರದೆಂದು ಒತ್ತಡ ಹಾಕಿ ಅದನ್ನು ಒಳಗೆ ತುಂಬುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ರಿಯೋಸೋಟನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವಿರುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ. ಆಗ ಅಮ್ಮನಿಗಾಗಲಿ ನಮಗಾಗಲಿ ಇದು ತಿಳಿದಿರಲಿಲ್ಲ. ಮೀಟರ್ ಗೇಜಿನಲ್ಲಿ ಎರಕದ ಕಬ್ಬಿಣದ್ದು, ಉಕ್ಕಿನ ಟ್ರಫ್, ಮರದ್ದು ಎಲ್ಲ ಬಗೆಯ ಸ್ಲೀಪರುಗಳೂ ಇದ್ದವೆಂದೂ, ಉಕ್ಕಿನ ತೊಲೆಗಳ, ಅಂದರೆ ಗರ್ಡರ್ ಸೇತುವೆಗಳ ಮೇಲೆ ಕೊನೆಯವರೆಗೂ ಮರದ್ದೇ ಉಳಿದಿತ್ತೆಂದೂ ನೀನೇ ಹೇಳಿದ್ದೆ. ಹಳಿ ಕಳಚುವಾಗ ಮರದ ಸ್ಲೀಪರುಗಳನ್ನು ಅಲ್ಲಿಯೇ ಹಳ್ಳದ ಬದಿಗೆ ಉರುಳಿಸಿದರೆ ಆ ಎಣ್ಣೆ ವಾನ್ ನದಿಯ ಕಡೆಗೆ ಹರಿಯುತ್ತದೆ, ಮತ್ತು ಆ ನದಿಗೆ ಕಟ್ಟಿರುವ ಹನುಮಾನ್ ಸಾಗರದ ನೀರನ್ನು ಕೆಳಗಿನ ಊರುಗಳು ಕುಡಿಯುತ್ತವೆ. ಹರಾಜಿನಲ್ಲಿ ಸೌದೆಯ ಬೆಲೆಗೆ ಕೊಟ್ಟರೆ ಯಾವುದೋ ಕೊರ್ಕು ತಾಯಿಯ ಒಲೆಗೆ ಅದು ಸೇರುತ್ತದೆ. ಎರಡೂ ಆಗಬಾರದು. ಸೇತುವೆಯ ಗರ್ಡರುಗಳಿಗೆ ತುಕ್ಕು ತಡೆಯಲು ಹಿಂದೆ ಬಳಿಯುತ್ತಿದ್ದ ಕೆಂಪು ಬಣ್ಣ ಸೀಸದ್ದು; ಅದನ್ನು ಉಜ್ಜುವುದಾಗಲಿ ಗ್ಯಾಸ್ ಕಟರಿನಿಂದ ಸುಡುವುದಾಗಲಿ ನೀರಿನ ಮೇಲೆಯೇ ನಡೆದರೆ ಸೀಸ ಹೋಗುವ ಜಾಗವೂ ಅದೇ ನೀರು.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಎಲ್ಲವನ್ನೂ ಕಿತ್ತು ಹೊರಗೆ ಸಾಗಿಸಿಬಿಡೋಣ ಎಂದು ಯಾರಿಗಾದರೂ ಅನ್ನಿಸಬಹುದು. ನನಗೆ ಅತಿ ಹೆಚ್ಚು ಭಯವಿರುವುದು ಅದರ ಬಗ್ಗೆಯೇ, ಬಸವರಾಜ. ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಗಜಕ್ಕೆ 60 ಪೌಂಡ್ ತೂಕದ ಹಳಿ ಎಂದು ಹಿಡಿದರೂ ಎರಡು ಹಳಿಗಳು ಸೇರಿ ಕಿಲೋಮೀಟರಿಗೆ ಸುಮಾರು 60 ಟನ್ ಉಕ್ಕಾಗುತ್ತದೆ, 40 ಕಿಲೋಮೀಟರಿಗೆ 2,400 ಟನ್. ಹತ್ತು ಟನ್ನಿನ ಲಾರಿಯಲ್ಲಿ ಹೇರಿದರೆ 240 ಲೋಡು. ಹೋಗುವುದು ಬರುವುದು ಸೇರಿ ಹುಲಿಗಳ ಕಾಡಿನೊಳಗೆ ಲಾರಿ 480 ಬಾರಿ ಓಡಾಡಬೇಕು. ಇದು ಹಳಿಗಷ್ಟೇ, ಕಿಲೋಮೀಟರಿಗೆ ಸಾವಿರಕ್ಕೂ ಮೀರಿದ ಸ್ಲೀಪರುಗಳನ್ನು ಇನ್ನೂ ಸೇರಿಸಿಲ್ಲ. ಮೀಟರಿಗೆ ಮುಕ್ಕಾಲು ಘನ ಮೀಟರ್ ಜಲ್ಲಿ ಎಂದು ಅಂದಾಜು ಮಾಡಿದರೆ ಒಟ್ಟು 30,000 ಘನ ಮೀಟರ್, ಸುಮಾರು 45,000 ಟನ್. ಅದನ್ನೂ ಎತ್ತಬೇಕೆಂದರೆ ಇನ್ನೂ 4,500 ಲೋಡು. ಇಷ್ಟು ಲಾರಿಗಳು ಓಡಾಡಬೇಕಾದರೆ ರಸ್ತೆ ಬೇಕು. ಹಳಿ ಕಿತ್ತ ಏರಿಯಾದರೋ ಸಮತಟ್ಟಾದ, ಗಟ್ಟಿಯಾದ, ಸೇತುವೆಗಳಿರುವ ತಯಾರು ರಸ್ತೆಯೇ ಆಗಿದೆ. ಎರಡು ಬೇಸಿಗೆ ಲಾರಿ ಓಡಾಡಿದ ಆ ದಾರಿಯನ್ನು ಮೂರನೆಯ ಬೇಸಿಗೆಯಲ್ಲಿ ಮುಚ್ಚುವವರು ಯಾರು? ಮರ ಕಡಿಯುವವರಿಗೆ, ಬೇಟೆಯವರಿಗೆ, ರಾತ್ರಿ ಹೊತ್ತು ಅಡ್ಡದಾರಿ ಹುಡುಕುವ ವಾಹನಗಳಿಗೆ ಅದು ತೆರೆದ ಬಾಗಿಲು. ದಿನಕ್ಕೆ ಕೆಲವೇ ಬಾರಿ, ಗೊತ್ತಾದ ವೇಳೆಗೆ ಬಂದು ಹೋಗುತ್ತಿದ್ದ ಮೀಟರ್ ಗೇಜಿನ ನಿಧಾನದ ರೈಲಿಗಿಂತ ಅಂಥ ರಸ್ತೆ ಕಾಡಿಗೆ ಹೆಚ್ಚು ಕೇಡು.

ಲಾರಿಯ ಚಕ್ರಕ್ಕೆ ಅಂಟಿ ಬರುವ ಬೀಜಗಳ ಬಗ್ಗೆಯೂ ಒಂದು ಮಾತು. ನಾವು ಕಾಂಗ್ರೆಸ್ ಕಳೆ ಎನ್ನುವ ಪಾರ್ಥೇನಿಯಂ ಭಾರತದಲ್ಲಿ ಮೊದಲು ಗಮನಕ್ಕೆ ಬಂದದ್ದು ನಾನಿರುವ ಈ ಪುಣೆಯಲ್ಲಿ, 1950ರ ದಶಕದ ನಡುವೆ. ಅಲ್ಲಿಂದ ಅದು ರಸ್ತೆ ಮತ್ತು ರೈಲುದಾರಿಗಳ ಅಂಚನ್ನೇ ಹಿಡಿದು ದೇಶವನ್ನೆಲ್ಲ ವ್ಯಾಪಿಸಿತು. ಹೊರಗಿನ ಮಣ್ಣು ಮೆತ್ತಿದ ಲಾರಿಗಳು ಒಳಗೆ ಹೋಗುವುದಾದರೆ ಕಾಡಿನ ಗೇಟಿನಲ್ಲಿಯೇ ಚಕ್ರ ತೊಳೆದು ಬಿಡುವ ಏರ್ಪಾಡು ಇರಬೇಕೆನ್ನುವುದು ಅತಿರೇಕದ ಬೇಡಿಕೆಯಲ್ಲ. ಕಾಲದ ಲೆಕ್ಕವೂ ಅಷ್ಟೇ ಮುಖ್ಯ. ಮೇಳಘಾಟದ್ದು ಎಲೆ ಉದುರುವ ಒಣ ತೇಗದ ಕಾಡು. ಫೆಬ್ರವರಿ ಕಳೆದರೆ ನೆಲವೆಲ್ಲ ಒಣ ಎಲೆಯ ಹಾಸು. ಅಲ್ಲಿ ಗ್ಯಾಸ್ ಕಟರಿನ ಒಂದು ಕಿಡಿ ಬಿದ್ದರೆ ಏನಾಗುತ್ತದೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಏರಿಯನ್ನು ಮುಟ್ಟುವಂತಿಲ್ಲ. ಹಾಗಾಗಿ ಉಳಿಯುವುದು ದಸರೆ ಮುಗಿದ ಮೇಲಿನಿಂದ ಸಂಕ್ರಾಂತಿಯವರೆಗಿನ ಮೂರು ತಿಂಗಳು, ಅದೂ ಹಗಲಿನಲ್ಲಿ ಮಾತ್ರ. ಆ ಕಾಡಿನಲ್ಲಿ ಇರುವುದು ಹುಲಿಯೊಂದೇ ಅಲ್ಲ. 1884ರ ನಂತರ ಕಾಣದೆ, ಅಳಿದೇ ಹೋಯಿತೆಂದು ತಿಳಿದಿದ್ದ ಕಾಡುಗೂಬೆ (ಫಾರೆಸ್ಟ್ ಔಲೆಟ್) ಎಂಬ ಜಾತಿಯ ಹಕ್ಕಿ 1997ರಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಮತ್ತೆ ಕಂಡಿತು. ಆಮೇಲೆ ಅದು ಮೇಳಘಾಟದಲ್ಲಿಯೂ ಸಿಕ್ಕಿದೆ. ಹಗಲಿನಲ್ಲಿಯೇ ಬೇಟೆಯಾಡುವ, ತೇಗದ ಮರಗಳ ಪೊಟರೆಗಳಲ್ಲಿ ಗೂಡು ಮಾಡುವ ಪುಟ್ಟ ಹಕ್ಕಿ ಅದು. ದಾರಿ ಅಗಲ ಮಾಡಲೆಂದು ಅಂಚಿನ ಹಳೆಯ ಮರಗಳನ್ನು ಕಡಿದರೆ ಹೋಗುವುದು ಅಂಥ ಪೊಟರೆಗಳೇ.

ನನ್ನ ಅಭಿಪ್ರಾಯವನ್ನು ನೇರವಾಗಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಮರದ ಸ್ಲೀಪರುಗಳನ್ನೂ ಸ್ಟೇಷನ್ ಯಾರ್ಡುಗಳಲ್ಲಿ ಎಣ್ಣೆ ಕುಡಿದು ಕಪ್ಪಾದ ಮಣ್ಣನ್ನೂ ತೆಗೆದು ಅಪಾಯಕಾರಿ ತ್ಯಾಜ್ಯವೆಂದೇ ಹೊರಗೆ ಸಾಗಿಸಬೇಕು. ಸ್ವಚ್ಛವಾದ ಜಲ್ಲಿಯನ್ನೂ ಏರಿಯನ್ನೂ ಇದ್ದಲ್ಲಿಯೇ ಬಿಡಬೇಕು. ಮೋರಿಗಳನ್ನು ಕೆಡವಬಾರದು; ಬಾವಲಿ ಇರುವವುಗಳನ್ನು ಮೊದಲೇ ಗುರುತಿಸಿ, ಹೂಳನ್ನಷ್ಟೇ ತೆಗೆದು, ಆಮೇಲೂ ಪ್ರತಿವರ್ಷ ಆ ಕೆಲಸ ಮಾಡಲು ಜನರನ್ನು ನೇಮಿಸಬೇಕು. ಆ ಜನ ಅಲ್ಲಿನ ಹಳ್ಳಿಗಳವರೇ ಆಗಬೇಕು, ಏಕೆಂದರೆ ರೈಲು ನಿಂತಾಗ ನಿಜವಾಗಿ ಕಳೆದುಕೊಂಡವರು ಅವರು. ಅಕೋಟದ ಸಂತೆಗೂ ದವಾಖಾನೆಗೂ ಹೋಗುತ್ತಿದ್ದ ಅಗ್ಗದ ದಾರಿ ಅವರ ಪಾಲಿಗೆ ಮುಚ್ಚಿತು, ಈಗ ಜೀಪಿಗೆ ಕಾಯಬೇಕು, ಜೀಪಿನವರು ಕೇಳಿದಷ್ಟು ಕೊಡಬೇಕು ಎಂದು ಆ ಹಿರಿಯರು ಹೇಳಿದರು. ಕಾಡಿನ ಹಿತಕ್ಕಾಗಿ ಅವರು ತೆತ್ತ ಈ ಬೆಲೆಯನ್ನು ನಗರದಲ್ಲಿ ಕುಳಿತ ನಮ್ಮಂಥ ಕಾಡುಪ್ರೇಮಿಗಳು ಸಾಕಷ್ಟು ನೆನೆದಿಲ್ಲ.

ಉಳಿದದ್ದು ಹಳಿಯ ಉಕ್ಕು. ಅದನ್ನು ಹೊರಗೆ ತರಲು ರಸ್ತೆಯೇ ಬೇಡ ಎಂದು ನನಗೆ ತೋರುತ್ತದೆ, ಮತ್ತು ಈ ಪತ್ರ ಬರೆಯಲು ಮುಖ್ಯ ಕಾರಣವೇ ಅದು. ಲೋಂಡಾ ಕಡೆ ತೊಂಬತ್ತರ ದಶಕದಲ್ಲಿ ಮೀಟರ್ ಗೇಜ್ ಎತ್ತುವಾಗ ಬಿಚ್ಚಿದ ಹಳಿಗಳನ್ನು ಡಿಪ್ ಲಾರಿಯ (ಹಳಿಯ ಮೇಲೆ ಕೈಯಿಂದ ತಳ್ಳುವ ಗಾಡಿಯ) ಮೇಲೆ ಹೇರಿ, ಇನ್ನೂ ಬಿಚ್ಚದ ಹಳಿಯ ಮೇಲೆಯೇ ಆಳುಗಳು ತಳ್ಳಿಕೊಂಡು ಬರುತ್ತಿದ್ದರೆಂದು ನೀನು ಒಮ್ಮೆ ಹೇಳಿದ್ದೆ. ಮೇಳಘಾಟದಲ್ಲಿಯೂ ಕಾಡಿನ ನಟ್ಟನಡುವಿನಿಂದ ಬಿಚ್ಚಲು ಶುರುಮಾಡಿ, ಎರಡೂ ದಿಕ್ಕಿಗೆ ಹಿಂದೆ ಸರಿಯುತ್ತ, ಒಂದು ತಂಡ ಅಕೋಟದ ಕಡೆಗೂ ಇನ್ನೊಂದು ಆಮ್ಲಾ ಖುರ್ದಿನ ಕಡೆಗೂ ಸಾಗಿಸಿದರೆ ಹಳಿಯೇ ಹಳಿಯನ್ನು ಹೊರಗೆ ಹೊತ್ತು ತರುತ್ತದೆ. ಕೆಲಸ ಮುಗಿಯುವ ಹೊತ್ತಿಗೆ ಒಳಗೆ ವಾಹನ ಹೋಗುವ ದಾರಿಯೇ ಇರುವುದಿಲ್ಲ. ಆದರೆ ಇದು ಮೇಷ್ಟರ ಲೆಕ್ಕ. ಇಷ್ಟು ವರ್ಷ ಯಾರೂ ನೋಡದ ಗರ್ಡರುಗಳು ಹೇರಿದ ಡಿಪ್ ಲಾರಿಯನ್ನು ತಡೆದಾವೇ? ಹಳಿಗಳನ್ನು ಒಂದಕ್ಕೊಂದು ಜೋಡಿಸುವ ಫಿಶ್ ಪ್ಲೇಟಿನ ಬೋಲ್ಟುಗಳು ತುಕ್ಕು ಹಿಡಿದಿದ್ದರೆ ಗ್ಯಾಸ್ ಕಟರ್ ಇಲ್ಲದೆ ಬಿಚ್ಚುವ ಉಪಾಯವಿದೆಯೇ? ಧೂಳಘಾಟದ ಇಳಿಜಾರಿನಲ್ಲಿ ಹೇರಿದ ಗಾಡಿಯನ್ನು ಕೈಬ್ರೇಕಿನ ಮೇಲೆ ಹಿಡಿಯಬಹುದೇ? ನಡುವೆ ಎಲ್ಲಿಯಾದರೂ ಹಳಿ ಕಳುವಾಗಿದ್ದರೆ ಏನು ಮಾಡುವುದು?

ನೀನು ಹಳಿಗಳನ್ನು ನೋಡಿಕೊಳ್ಳುವ ಪರ್ಮನೆಂಟ್ ವೇ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು. ಆ ಕೆಲಸದ ಡೈರಿಗಳು ಇನ್ನೂ ನಿನ್ನ ಟ್ರಂಕಿನಲ್ಲಿವೆ ಎಂದು ನನಗೆ ಗೊತ್ತು. ಒಂದು ಕಿಲೋಮೀಟರ್ ಬಿಚ್ಚಲು ಎಷ್ಟು ಆಳು, ಎಷ್ಟು ದಿನ, ಯಾವ ಯಾವ ಸಲಕರಣೆ ಬೇಕೆಂಬುದನ್ನು ಹಂತ ಹಂತವಾಗಿ ಬರೆದು ಕಳುಹಿಸು. ಅಳಿಯ ಅದನ್ನು ಮರಾಠಿಗೆ ಇಳಿಸಿಕೊಡುತ್ತಾನೆ, ಅರಣ್ಯ ಇಲಾಖೆಗೂ ರೈಲ್ವೆಗೂ ನಾನೇ ಸಹಿ ಹಾಕಿ ಕಳುಹಿಸುತ್ತೇನೆ. ಕಳಚುವ ಕೆಲಸದ ಟೆಂಡರಿನಲ್ಲಿ ‘ಕಾಡಿನೊಳಗೆ ಲಾರಿ ಬಳಸತಕ್ಕದ್ದಲ್ಲ’ ಎಂಬ ಒಂದು ಸಾಲು ಸೇರುವುದಾದರೆ, ಅದು ಸಾಧ್ಯವೆಂದು ಅನುಭವಸ್ಥನೊಬ್ಬ ತೋರಿಸಿಕೊಟ್ಟ ಕಾಗದ ಮೊದಲೇ ಅವರ ಮೇಜಿನ ಮೇಲಿರಬೇಕು.

ಅತ್ತಿಗೆಯವರಿಗೆ ನಮ್ಮ ನಮಸ್ಕಾರ, ಮೊಮ್ಮಗಳಿಗೆ ಆಶೀರ್ವಾದ. ದೀಪಾವಳಿಗೆ ಹುಬ್ಬಳ್ಳಿಗೆ ಬರುತ್ತೇನೆ. ಆ ಡೈರಿಗಳನ್ನು ಟ್ರಂಕಿನಿಂದ ಹೊರಗೆ ತೆಗೆದಿಟ್ಟಿರು.

ನಿನ್ನ ಗೆಳೆಯ,
ವಾಸುದೇವ