ಶನಿವಾರ ಗುಡಿಸಲು ಕಟ್ಟುವ ಅಭ್ಯಾಸ, ಓದಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ. ಕಾಡಿನಲ್ಲಿ ರಾತ್ರಿ ಕಳೆಯಬೇಕಾಗಿ ಬಂದರೆ, ಸುತ್ತ ಸಿಗುವ ಕೋಲು ಎಲೆಗಳಲ್ಲೇ ಮಲಗಲು ಪುಟ್ಟ ಗುಡಿಸಲು ಕಟ್ಟುವುದನ್ನು ಕಲಿಯೋಣ. ಶನಿವಾರ ಬೆಳಗ್ಗೆ 9ಕ್ಕೆ ತೋಟದ ಗೇಟಿನ ಹತ್ತಿರ ಸೇರೋಣ. ಅಭ್ಯಾಸ ತೋಟದ ಅಂಚಿನಲ್ಲೇ, ಕಾಡಿನೊಳಗೆ ಅಲ್ಲ. ಮೀಸಲು ಅರಣ್ಯದಲ್ಲಿ ಮರ ಕಡಿಯುವುದು ಅಪರಾಧ, ಸುಮ್ನೆ ತೊಂದರೆ ಯಾಕೆ?

ಒಂದು ಕತ್ತಿ, 10 ಮೀಟರ್ ನೈಲಾನ್ ಹಗ್ಗ, ಇಂಬಳಕ್ಕೆ ಉಪ್ಪು, ಇಷ್ಟು ತನ್ನಿ. ಟಾರ್ಪಾಲ್ ಬೇಡ. ಅದಿದ್ದರೆ ಕಲಿಯುವುದಕ್ಕೆ ಏನು ಉಳಿಯಿತು ಹೇಳಿ!

ಜಾಗ ಹುಡುಕುವಾಗ ಮೊದಲು ಮೇಲೆ ನೋಡಿ. ಒಣಗಿದ ಕೊಂಬೆ, ಹೆಜ್ಜೇನು ಕಂಡರೆ ಬೇರೆ ಕಡೆ ನಡೆಯಿರಿ. ಹಳ್ಳದ ಪಕ್ಕದ ಸಮತಟ್ಟು ಜಾಗ ನೋಡಲು ಚೆಂದ, ಆದರೆ ಮಲೆನಾಡಿನಲ್ಲಿ ಮೇಲೆಲ್ಲೋ ಮಳೆ ಹೊಡೆದರೂ ಇಲ್ಲಿ ನೀರು ಏರುತ್ತದೆ.

ಸೊಂಟದೆತ್ತರದ ಕವೆಗೆ (ತುದಿ ಕವಲೊಡೆದ ಕೋಲಿಗೆ) ಒಂದು ಉದ್ದದ ಗಳ ಒರಗಿಸಿ, ಇನ್ನೊಂದು ತುದಿ ನೆಲಕ್ಕೆ ಮುಟ್ಟಲಿ, ಎರಡೂ ಬದಿಗೆ ಕೋಲು ಓರೆಯಾಗಿ ನಿಲ್ಲಿಸಿ. ಬಿದ್ದ ಕೋಲುಗಳೇ ಸಾಕು. ಆಮೇಲೆ ಹೊದಿಸಲು ಅಡಿಕೆ ಸೋಗೆ, ಅಂದರೆ ಅಡಿಕೆ ಮರದ ಗರಿ. ಇಲ್ಲೇ ಎಲ್ಲರೂ ಎಡವುವುದು: ಹೊದಿಕೆ ಕೆಳಗಿನಿಂದ ಶುರುವಾಗಬೇಕು, ಹೆಂಚಿನ ಹಾಗೆ ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಕೂರಬೇಕು, ಉಲ್ಟಾ ಆಯಿತೋ ನೀರು ನೇರ ಮೈಮೇಲೆ. ಇಳಿಜಾರು ಕಡಿದಾಗಿರಲಿ.

ಚಾವಣಿಗಿಂತ ಹಾಸಿಗೆ ಮುಖ್ಯ ಅಂತ ನನ್ನ ವಾದ. ರಾತ್ರಿ ಮೈಯ ಬಿಸಿಯನ್ನು ನೆಲ ಎಳೆದುಕೊಳ್ಳುತ್ತದೆ. ಹಾಗಾಗಿ ಒಣ ತರಗೆಲೆ ಜಾಸ್ತಿ ಹಾಕಿ, ಮಲಗಿ ಅದುಮಿದ ಮೇಲೂ ಗೇಣು ದಪ್ಪ ಇರಬೇಕು. ತರಗೆಲೆಗೆ ಬರಿಗೈ ಹಾಕಬೇಡಿ, ಮೊದಲು ಕೋಲಿನಿಂದ ಕೆದಕಿ, ಚೇಳು ಹಾವು ಇರುತ್ತವೆ. ಗೂಡು ಚಿಕ್ಕದಾದಷ್ಟೂ ಬೆಚ್ಚಗೆ, ಅಲ್ವಾ? ಅರಮನೆ ಕಟ್ಟಲು ಹೋಗಬೇಡಿ.

ಬರುವವರು ಶುಕ್ರವಾರ ಸಂಜೆಯೊಳಗೆ ಹೇಳಿಬಿಡಿ, ಊಟದ ಲೆಕ್ಕ ಕೊಡಬೇಕು.