ತೋಳದ ಮನೆ ಮೇಲೆ ಬೈಕ್ ಓಡಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ನಾನು ಮೇಲುಕೋಟೆಯಲ್ಲಿ ಆಟೋ ಓಡಿಸುವವನು. ಚಿಕ್ಕವನಿದ್ದಾಗ ಇದೇ ಗುಡ್ಡಗಳಲ್ಲಿ ಅಪ್ಪನ ಜೊತೆ ಕುರಿ ಕಾಯ್ದಿದ್ದೇನೆ. ಭಾನುವಾರ ಬರುವವರು ಯೋಗಾನರಸಿಂಹನ ಬೆಟ್ಟ ಹತ್ತಿ, ಕಲ್ಯಾಣಿ, ರಾಯಗೋಪುರ ನೋಡಿ, ಪುಳಿಯೋಗರೆ ತಿಂದು ಹೊರಡುತ್ತಾರೆ. ‘ಬೇರೇನಿದೆ ಅಣ್ಣಾ ಇಲ್ಲಿ? ಬರೀ ಕಲ್ಲು, ಮುಳ್ಳುಪೊದೆ ಅಲ್ವಾ’ ಎನ್ನುತ್ತಾರೆ. ಆ ಮುಳ್ಳುಪೊದೆಗಾಗಿಯೇ ಈ ಪತ್ರ.

ನಮ್ಮ ಸುತ್ತಲಿನ ಕುರುಚಲು ಕಾಡು 1974ರಿಂದ ವನ್ಯಜೀವಿಧಾಮ. ಸುಮಾರು 50 ಚದರ ಕಿಲೋಮೀಟರ್ ಇದೆ. ಅದನ್ನು ಮಾಡಿದ್ದೇ ತೋಳಗಳಿಗೋಸ್ಕರ. ತೋಳಕ್ಕೆ ದಟ್ಟ ಕಾಡು ಬೇಡ. ಹುಲ್ಲು, ಪೊದೆ, ದೂರಕ್ಕೆ ಕಣ್ಣು ಹಾಯುವ ಬಯಲು ಬೇಕು.

ನನಗಾಗ ಹನ್ನೆರಡು ವರ್ಷ. ಒಂದು ಸಂಜೆ ಬಂಡೆ ಪಕ್ಕ ಒಣಹುಲ್ಲು ಅಂದುಕೊಂಡಿದ್ದು ಎದ್ದು ನಿಂತಿತು. ಉದ್ದ ಕಾಲು, ಒಳಗೆ ಸೇರಿದ ಹೊಟ್ಟೆ, ಹಳದಿ ಕಣ್ಣು. ಕುರಿಗಳ ಕಡೆ ನೋಡಲಿಲ್ಲ, ನನ್ನನ್ನೇ ನೋಡಿತು. ಅಪ್ಪ ‘ಹೋ’ ಎಂದು ಕೂಗಿದ ಮೇಲೆ ತಿರುಗಿ ತಿರುಗಿ ನೋಡುತ್ತಾ ಹೋಯಿತು. ಮುಂದಿನ ವಾರ ಒಂದು ಮರಿ ಕಾಣೆಯಾಯಿತು. ಅಪ್ಪ ಬೈದರು. ಆದರೆ ವಿಷ ಇಡುವ ಮಾತು ಆಡಲಿಲ್ಲ. ‘ಅದರ ಪಾಲು ಅದು ತಗೊಂಡಿದೆ’ ಅಂದರು, ಅಷ್ಟೇ.

ಕಳೆದ ಡಿಸೆಂಬರಿನಲ್ಲಿ ನಮ್ಮೂರಿನ ಹತ್ತಿರದ ಧನುಷ್ಕೋಟಿ ಕಡೆ ಬಾಡಿಗೆಗೆ ಹೋಗಿದ್ದೆ. ಆರೇಳು ಬೈಕ್‌ಗಳು ರಸ್ತೆ ಬಿಟ್ಟು ಹುಲ್ಲಿನೊಳಗೆ ನುಗ್ಗಿ ಸುತ್ತು ಹೊಡೆಯುತ್ತಿದ್ದವು. ಮಾರನೆಯ ದಿನ ಹೋಗಿ ನೋಡಿದೆ. ಚಕ್ರದ ಗುರುತು ಒಂದು ಬಿಲದ ಮೇಲೇ ಹಾದಿತ್ತು. ಬಾಯಿ ಕುಸಿದು ಹಸಿ ಮಣ್ಣು ತುಂಬಿಕೊಂಡಿತ್ತು. ಮುಳ್ಳುಹಂದಿಯದೋ ನರಿಯದೋ ತೋಳದ್ದೋ, ಹೇಳಲಾರೆ. ತೋಳ ಮರಿ ಹಾಕುವುದು ಹೆಚ್ಚಾಗಿ ಚಳಿಗಾಲದಲ್ಲೇ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜನ ಬರಬಾರದು ಅಂತ ನಾನು ಹೇಳುತ್ತಿಲ್ಲ. ನನ್ನ ಅನ್ನವೂ ಅದೇ. ಯಾವ ತಿಂಗಳು ಬಂದರೂ ಇಲ್ಲಿ ನೋಡಲು ಏನಾದರೂ ಇರುತ್ತದೆ. ಮುಂಗಾರು ಹತ್ತಿರವಾದಾಗ ನವಿಲು ಕುಣಿಯುತ್ತದೆ, ಮಳೆಗಾಲ ಮುಗಿಯುವ ಹೊತ್ತಿಗೆ ಗರಿ ಉದುರಿಸುತ್ತದೆ. ಹಳದಿ ಕೊರಳಿನ ಪಿಕಳಾರ ಹಕ್ಕಿ ವರ್ಷವಿಡೀ ಬಂಡೆಗಳ ನಡುವೆ ಇರುತ್ತದೆ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡ ಬಿಟ್ಟರೆ ಅದು ಬೇರೆಲ್ಲೂ ಇಲ್ಲವಂತೆ. ಅದಕ್ಕೆಂದೇ ಬೆಂಗಳೂರಿನಿಂದ ಬಂದ ಗಂಡ ಹೆಂಡತಿ ಇಬ್ಬರನ್ನು ಬೆಳಿಗ್ಗೆ ಆರಕ್ಕೇ ಕರೆದೊಯ್ದಿದ್ದೆ. ಇಂಜಿನ್ ಆಫ್ ಮಾಡಿಸಿ ರಸ್ತೆ ಬದಿಯಲ್ಲೇ ಅರ್ಧ ಗಂಟೆ ಸುಮ್ನೆ ಕೂತರು. ಹಕ್ಕಿ ಕಂಡಾಗ ಆ ಅಮ್ಮನ ಕಣ್ಣಲ್ಲಿ ನೀರು.

ಅರಣ್ಯ ಇಲಾಖೆಯವರಲ್ಲಿ ನನ್ನದೊಂದು ಬೇಡಿಕೆ. ರಸ್ತೆಯಿಂದ ಹುಲ್ಲಿಗೆ ಇಳಿಯುವ ಜಾಗಗಳಲ್ಲಿ ದೊಡ್ಡ ಕಲ್ಲು ಅಡ್ಡ ಇಡಿಸಿ. ‘ಇದು ತೋಳದ ಜಾಗ, ಗಾಡಿ ಇಳಿಸಬೇಡಿ’ ಎಂದು ಕನ್ನಡದಲ್ಲಿ ಬೋರ್ಡ್ ಹಾಕಿಸಿ. ಕಲ್ಲು ಹೊರಲು ನಾವು ಆಟೋದವರು ಬರುತ್ತೇವೆ. ನವೆಂಬರ್ ಒಳಗೆ ಆದರೆ ಈ ಸಲದ ಮರಿಗಳಿಗೆ ಅನುಕೂಲ.

ಇಂತಿ,
ಒಬ್ಬ ಆಟೋ ಚಾಲಕ, ಮೇಲುಕೋಟೆ, ಮಂಡ್ಯ ಜಿಲ್ಲೆ